ಅಳಿಯನ ಕೈಗೆ ವಾಚ್: ಬೆಲೆ ಎಷ್ಟು, ಭಾರ ಎಷ್ಟು?

ಬೆಳಗಿನ ತಿಂಡಿ ಪಾತ್ರೆಯೆಲ್ಲ ತೊಳೆದಿಟ್ಟು, ಎರಡನೇ ಕಾಫಿ ಲೋಟ ಹಿಡಿದು ಕೂರುವಷ್ಟರಲ್ಲಿ ಚಿಕ್ಕಮ್ಮನ ಫೋನು. ದನಿಯಲ್ಲಿ ಖುಷಿಯೂ ಇತ್ತು, ಏನೋ ಅಳುಕೂ ಇತ್ತು.

“ನೋಡೇ, ಗಂಡಿನ ಕಡೆಯವರು ತುಂಬಾ ಒಳ್ಳೆಯವರು. ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ ಅಂದ್ರು. ಹುಡುಗನ ಕೈಗೆ ಒಂದು ಒಳ್ಳೆ ವಾಚ್ ಕಟ್ಟಿ ಸಾಕು ಅಂತ ಅವರಮ್ಮ ಹೇಳಿದ್ದಾರೆ.”

“ಸಂತೋಷ ಅಲ್ವಾ ಚಿಕ್ಕಮ್ಮ?”

“ಸಂತೋಷಾನೇ. ಆದ್ರೆ ಒಳ್ಳೆ ವಾಚ್ ಅಂದ್ರೆ ಯಾವುದು ಅಂತ ಒಂದು ಫೋಟೊನೂ ಕಳಿಸಿದ್ದಾರೆ. ಸ್ವಿಸ್ ಅಂತೆ. ಮೂರು ಲಕ್ಷದ ನಲವತ್ತು ಸಾವಿರ ಕಣೇ! ನಿಮ್ಮ ಚಿಕ್ಕಪ್ಪ ಎಫ್‌ಡಿ ಮುರಿಸ್ತೀನಿ ಅಂತ ಕೂತಿದ್ದಾರೆ. ಅಲ್ಲ, ಅದು ಚಿನ್ನದ ಥರಾನೇನಾ? ಕಷ್ಟಕ್ಕೆ ಮಾರಿದ್ರೆ ದುಡ್ಡು ವಾಪಸ್ ಬರುತ್ತಾ?”

ಚಿಕ್ಕಮ್ಮನ ಈ ಕೊನೆಯ ಪ್ರಶ್ನೆ ನಮ್ಮಲ್ಲಿ ಬಹಳಷ್ಟು ಹೆಣ್ಣುಮಕ್ಕಳ ಪ್ರಶ್ನೆ. ಮನೆಗೆ ಬರುವ ಯಾವುದೇ ದುಬಾರಿ ವಸ್ತುವನ್ನೂ ನಾವು ಚಿನ್ನದ ತಕ್ಕಡಿಯಲ್ಲಿಟ್ಟೇ ತೂಗೋದು. ಸೀರೆ ಕೊಂಡರೆ ಜರಿ ನೋಡುತ್ತೇವೆ, ಪಾತ್ರೆ ಕೊಂಡರೆ ತೂಕ ಕೇಳುತ್ತೇವೆ. ವಾಚಿನ ವಿಷಯಕ್ಕೆ ಬಂದಾಗ ಮಾತ್ರ ‘ಅದು ಗಂಡಸರ ವ್ಯವಹಾರ’ ಅಂತ ಸುಮ್ಮನಾಗಿಬಿಡುತ್ತೇವೆ. ತಮಾಷೆ ಅಂದರೆ ಕೈಗಡಿಯಾರ ಮೊದಲು ಹೆಂಗಸರದ್ದೇ! ನೆಪೋಲಿಯನ್‌ನ ತಂಗಿ, ನೇಪಲ್ಸ್‌ನ ರಾಣಿ ಕ್ಯಾರೊಲಿನ್ 1810ರಲ್ಲಿ ಬ್ರೆಗೆ ಎಂಬ ಗಡಿಯಾರ ತಯಾರಕನಿಗೆ ಕೈಗೆ ಕಟ್ಟುವ ಗಡಿಯಾರ ಬೇಕೆಂದು ಹೇಳಿ ಮಾಡಿಸಿಕೊಂಡಳು. ಗಂಡಸರು ಆಗೆಲ್ಲ ಜೇಬಿನಲ್ಲಿ ಸರಪಳಿಯ ಗಡಿಯಾರ ಇಟ್ಟುಕೊಂಡು, ಕೈಗೆ ಕಟ್ಟೋದು ಬಳೆಯ ಜಾತಿ ಅಂತ ನಗುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಂದಕದೊಳಗೆ ಕೂತು ಜೇಬು ತಡಕಾಡೋದು ಕಷ್ಟವಾದ ಮೇಲೆ ಅವರ ಕೈಗೂ ಅದು ಬಂತು.

ಇರಲಿ, ಚಿಕ್ಕಮ್ಮನ ಜೊತೆ ನಾನೂ ಅಂಗಡಿಗೆ ಹೋದೆ. ಎಸಿ, ಮೆತ್ತನೆ ಸೋಫಾ, ಕುಡಿಯೋಕೆ ಜ್ಯೂಸು. ಕೈಗವಸು ಹಾಕಿಕೊಂಡ ಹುಡುಗ ಮಖಮಲ್ಲಿನ ತಟ್ಟೆಯಲ್ಲಿ ವಾಚ್ ಇಟ್ಟು ತಂದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ತೆಳ್ಳಗೆ, ಬಿಳಿ ಮುಖ, ಮೂರು ಮುಳ್ಳು, ಕಪ್ಪು ಚರ್ಮದ ಸ್ಟ್ರಾಪ್. ಇದಕ್ಕೆ ‘ಡ್ರೆಸ್ ವಾಚ್’ ಅನ್ನುತ್ತಾರೆ. ಕೋಟು, ತುಂಬುತೋಳಿನ ಷರಟಿನ ಕಫ್ ಒಳಗೆ ಸಲೀಸಾಗಿ ಜಾರಬೇಕು, ಅದಕ್ಕೇ ತೆಳು. ದಿನಾ ಸ್ಕೂಟರ್ ಓಡಿಸುವವನಿಗೆ, ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ಮಾಡಿದ್ದಲ್ಲ. ರೇಷ್ಮೆ ಸೀರೆ ಉಟ್ಟು ತರಕಾರಿ ತರೋಕೆ ಹೋಗ್ತೀವಾ? ಹಾಗೇ ಇದೂ.

“ಇದು ಖರ್ಚಲ್ಲ ಮೇಡಂ, ಇನ್ವೆಸ್ಟ್‌ಮೆಂಟ್” ಅಂದ ಹುಡುಗ.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು, “ಎಷ್ಟು ಗ್ರಾಂ ಚಿನ್ನ ಇದೆಯಪ್ಪಾ?” ಅಂದರು.

“ಚಿನ್ನ ಇಲ್ಲ ಮೇಡಂ. ಸ್ಟೀಲು.”

ಚಿಕ್ಕಮ್ಮ ನನ್ನ ಮುಖ ನೋಡಿದರು. ಆ ನೋಟ ಇನ್ನೂ ನನಗೆ ಮರೆತಿಲ್ಲ!

ಹಾಗಾದರೆ ಸ್ಟೀಲಿನ ವಾಚಿಗೆ ಅಷ್ಟು ಬೆಲೆ ಯಾಕೆ? ಸುಮ್ಮನೆ ದೋಚುತ್ತಾರೆ ಅಂತ ಹೇಳಿಬಿಡೋದು ಸುಲಭ, ಆದರೆ ಅದು ಪೂರ್ತಿ ನಿಜ ಅಲ್ಲ. ನಾವು ದಿನಾ ಕಟ್ಟುವ ಕ್ವಾರ್ಟ್ಜ್ ವಾಚಿನಲ್ಲಿ ಬ್ಯಾಟರಿ ಇರುತ್ತದೆ, ಸ್ಫಟಿಕದ ಒಂದು ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದರ ಲೆಕ್ಕದ ಮೇಲೆ ಮುಳ್ಳು ಓಡುತ್ತದೆ. 1969ರಲ್ಲಿ ಜಪಾನಿನ ಸೈಕೊ ಕಂಪನಿ ಇದನ್ನು ಕೈಗಡಿಯಾರದಲ್ಲಿ ತಂದ ಮೇಲೆ ಸ್ವಿಸ್ ಕಾರ್ಖಾನೆಗಳು ಎಷ್ಟೋ ಬಾಗಿಲು ಹಾಕಿದವು. ಕಾರಣ ಇಷ್ಟೇ, ಸಮಯ ತೋರಿಸೋದರಲ್ಲಿ ಅಗ್ಗದ ಕ್ವಾರ್ಟ್ಜ್ ಮುಂದೆ ದುಬಾರಿ ಸ್ಪ್ರಿಂಗಿನ ವಾಚ್ ನಿಲ್ಲಲಾರದು. ಸಾಧಾರಣ ಕ್ವಾರ್ಟ್ಜ್ ತಿಂಗಳಿಗೆ ಹದಿನೈದು ಸೆಕೆಂಡ್ ಆಚೀಚೆ ಆದರೆ, ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಮಾಡಿ ‘ಕ್ರೋನೊಮೀಟರ್’ ಅಂತ ಸರ್ಟಿಫಿಕೇಟ್ ಕೊಟ್ಟ ಮೆಕ್ಯಾನಿಕಲ್ ವಾಚಿಗೂ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ ಹೋಗಲು ಅನುಮತಿ ಇದೆ.

ಅಂದರೆ ಲಕ್ಷಗಟ್ಟಲೆ ಕೊಡೋದು ಸಮಯಕ್ಕಲ್ಲ. ಒಳಗಿನ ಕೈಕೆಲಸಕ್ಕೆ, ಹೆಸರಿಗೆ, ಜಾಹೀರಾತಿಗೆ, ಆ ಸೋಫಾಕ್ಕೆ, ಜ್ಯೂಸಿಗೆ, ಜೊತೆಗೆ ತೆರಿಗೆಗೆ. ವಾಚಿನ ಮೇಲೆ ಜಿಎಸ್‌ಟಿ ಶೇಕಡಾ 18. ಮೂರು ಲಕ್ಷ ನಲವತ್ತು ಸಾವಿರದಲ್ಲಿ ಸುಮಾರು 52 ಸಾವಿರ ಅದೇ ಆಯಿತು. ವಿದೇಶದಿಂದ ಬರುವುದರಿಂದ ಆಮದು ಸುಂಕ ಬೇರೆ ಬೆಲೆಯೊಳಗೇ ಸೇರಿರುತ್ತದೆ. ಈ ದುಡ್ಡು ಅಂಗಡಿ ಬಾಗಿಲು ದಾಟುತ್ತಿದ್ದ ಹಾಗೇ ಹೋದ ಹಾಗೆ, ಮುಂದೆ ಯಾರೂ ಅದನ್ನು ನಿಮಗೆ ವಾಪಸ್ ಕೊಡಲ್ಲ. ಇನ್ನೊಂದು ವಿಷಯ ಅಂಗಡಿಯವರು ತಾವಾಗಿ ಹೇಳೋದು ಕಡಿಮೆ: ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಗುಂಪಿನ ಜೊತೆ ಭಾರತ 2024ರ ಮಾರ್ಚಿನಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಸ್ವಿಸ್ ವಾಚಿನ ಮೇಲಿನ ಸುಂಕ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಯಬೇಕು. ಸುಂಕ ಇಳಿಯೋ ವಸ್ತುವನ್ನು ಇವತ್ತು ‘ಬೆಲೆ ಏರುತ್ತೆ’ ಅಂತ ನಂಬಿ ಕೊಳ್ಳೋದು ಜಾಣತನ ಅಂತ ನನಗಂತೂ ಅನ್ನಿಸಲ್ಲ. (ಕಂಪನಿಯವರು ಇಳಿದ ಸುಂಕವನ್ನು ನಮಗೇ ಬಿಟ್ಟುಕೊಡ್ತಾರೆ ಅಂತಲೂ ಗ್ಯಾರಂಟಿ ಇಲ್ಲ, ಅದು ಬೇರೆ ಮಾತು!)

ಹಾಗಂತ ಬೆಲೆ ಏರುವ ವಾಚುಗಳು ಇಲ್ಲವೇ ಇಲ್ಲ ಅಂತಲ್ಲ. ಕೆಲವೇ ಕಂಪನಿಗಳ ಕೆಲವೇ ಮಾಡೆಲ್‌ಗಳು, ಅದರಲ್ಲೂ ಹೆಚ್ಚಾಗಿ ದಪ್ಪ ಸ್ಪೋರ್ಟ್ಸ್ ವಾಚುಗಳು, ಸೆಕೆಂಡ್ ಹ್ಯಾಂಡಿನಲ್ಲಿ ಹೊಸದಕ್ಕಿಂತ ಜಾಸ್ತಿಗೆ ಹೋಗಿದ್ದುಂಟು. 2021ರಲ್ಲಿ, 2022ರ ಶುರುವಿನಲ್ಲಿ ಅದಕ್ಕೆ ಹುಚ್ಚೇ ಹಿಡಿದಿತ್ತು, ಆಮೇಲೆ ಅವೂ ಇಳಿದವು. ಸಾದಾ ಡ್ರೆಸ್ ವಾಚುಗಳಿಗೆ ಆ ಯೋಗ ಅಪರೂಪ. ಸಾಮಾನ್ಯವಾಗಿ ಕೊಂಡ ಕೂಡಲೇ ಬೆಲೆ ಬೀಳುತ್ತದೆ, ಹೊಸ ಕಾರಿನ ಹಾಗೆ.

ಚಿನ್ನದ ವಾಚ್ ಆದರೆ? ಸ್ವಿಸ್ ಕಂಪನಿಗಳು ಮಾಡೋದು ಬಹುಪಾಲು 18 ಕ್ಯಾರೆಟ್‌ನಲ್ಲಿ, ಅಂದರೆ ನೂರಕ್ಕೆ 75 ಭಾಗ ಚಿನ್ನ. ನಮ್ಮ ಬಳೆ ಸರಗಳು 22 ಕ್ಯಾರೆಟ್. ಅದನ್ನು ಆಭರಣದಂಗಡಿಗೆ ಒಯ್ದರೆ ಅವರು ಯಂತ್ರ, ಗಾಜು ತೆಗೆದು ಪಕ್ಕಕ್ಕಿಟ್ಟು ಕೇಸಿನ ಚಿನ್ನದ ತೂಕಕ್ಕಷ್ಟೇ ಬೆಲೆ ಕಟ್ಟುತ್ತಾರೆ. ಬಳೆಯಲ್ಲಿ ಕಳೆದುಕೊಳ್ಳೋದು ಮಜೂರಿ, ವೇಸ್ಟೇಜ್. ವಾಚಿನಲ್ಲಿ ಕೊಟ್ಟ ದುಡ್ಡಿನ ದೊಡ್ಡ ಪಾಲೇ ಮಜೂರಿ. ಚಿಕ್ಕಮ್ಮನಿಗೆ ಹೀಗೆ ಹೇಳಿದಾಗ ತಕ್ಷಣ ಅರ್ಥವಾಯಿತು.

ಇಲ್ಲಿಗೆ ಮುಗಿಯಲಿಲ್ಲ. ಕೊಳ್ಳುವ ಬೆಲೆ ಒಂದು, ಸಾಕುವ ಬೆಲೆ ಇನ್ನೊಂದು. ಮೆಕ್ಯಾನಿಕಲ್ ವಾಚ್ ಅಂದರೆ ಹೊಲಿಗೆ ಮಷಿನ್ ಇದ್ದ ಹಾಗೆ. ಒಳಗೆ ಸ್ಪ್ರಿಂಗು, ಹಲ್ಲುಚಕ್ರ, ಸಾಸಿವೆಗಿಂತ ಸಣ್ಣ ಕಲ್ಲುಗಳು. ಈಗಿನ ಎಷ್ಟೋ ವಾಚುಗಳ ಚಕ್ರ ಗಂಟೆಗೆ 28,800 ಸಲ ಬಡಿಯುತ್ತದೆ, ಸೆಕೆಂಡಿಗೆ ಎಂಟು ಸಲ, ಹಗಲು ರಾತ್ರಿ. ಅಲ್ಲಲ್ಲಿ ಬಿಟ್ಟಿರುವ ಒಂದು ಹನಿ ಎಣ್ಣೆ ವರ್ಷಗಳು ಕಳೆದ ಹಾಗೆ ಒಣಗುತ್ತದೆ, ಅಂಟಾಗುತ್ತದೆ. ಆಗ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ನೀರು ತಡೆಯುವ ರಬ್ಬರ್ ವಾಷರ್ ಬದಲಿಸಿ ಜೋಡಿಸಬೇಕು. ಕಂಪನಿಗಳು ಐದರಿಂದ ಹತ್ತು ವರ್ಷದೊಳಗೆ ಒಮ್ಮೆ ಮಾಡಿಸಿ ಅನ್ನುತ್ತವೆ. “ಎಷ್ಟಾಗುತ್ತಪ್ಪಾ?” ಅಂತ ನಾನು ಕೇಳಿದಾಗ ಹುಡುಗ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, “ಸುಮಾರು ಅರವತ್ತು ಸಾವಿರ ಮೇಡಂ, ಈಗಿನ ರೇಟಲ್ಲಿ” ಅಂದ. ಮೊಸಳೆ ಚರ್ಮದ ಸ್ಟ್ರಾಪ್ ಬದಲಿಸೋಕೆ ಇಪ್ಪತ್ತು ಸಾವಿರ. “ವಾಪಸ್ ಮಾರಿದ್ರೆ?” ಅಂದೆ. “ಎಕ್ಸ್‌ಚೇಂಜಲ್ಲಿ ಕಂಡೀಷನ್ ನೋಡಿ ಹೇಳ್ಬೇಕು ಮೇಡಂ, ಅರ್ಧದ ಹತ್ರ ಹತ್ರ” ಅಂತ ಮೆಲ್ಲಗೆ ಹೇಳಿದ. ಪಾಪ, ಅವನು ಸುಳ್ಳು ಹೇಳಲಿಲ್ಲ, ಕೇಳಿದರೆ ಹೇಳಿದ ಅಷ್ಟೇ. ಕೇಳುವವರು ನಾವಾಗಬೇಕು.

ಮನೆಗೆ ಬಂದು ಹಾಲಿನ ಲೆಕ್ಕ ಬರೆಯೋ ಪುಸ್ತಕದಲ್ಲೇ ಲೆಕ್ಕ ಹಾಕಿದೆ. ಹತ್ತು ವರ್ಷ ಇಟ್ಟುಕೊಂಡು ಮಾರಿದ ಅಂತ ಇಟ್ಟುಕೊಳ್ಳೋಣ. ಕೊಂಡದ್ದು 3,40,000, ಮಾರಿದಾಗ ಬಂದದ್ದು 1,50,000, ಹೋದದ್ದು 1,90,000. ಒಂದು ಸರ್ವಿಸು 60,000. ಎರಡು ಸ್ಟ್ರಾಪು 40,000. ಒಟ್ಟು 2,90,000. ಡ್ರೆಸ್ ವಾಚ್ ತಾನೆ, ಮದುವೆ, ಮುಂಜಿ, ಆಫೀಸಿನ ಪಾರ್ಟಿ ಅಂತ ವರ್ಷಕ್ಕೆ ಹತ್ತು ಸಲ ಕಟ್ಟಿದರೂ ಹತ್ತು ವರ್ಷಕ್ಕೆ ನೂರು ಸಲ. ಒಂದು ಸಲ ಕೈಗೆ ಕಟ್ಟೋದಕ್ಕೆ 2,900 ರೂಪಾಯಿ! ಇದರಲ್ಲಿ ಇನ್ಶೂರೆನ್ಸ್ ಸೇರಿಲ್ಲ. ಮನೆಯ ವಿಮೆ ಇದ್ದರೂ ಇಂಥ ವಸ್ತುವನ್ನು ಬಿಲ್ಲಿನ ಸಮೇತ ಬೇರೆಯಾಗಿ ಬರೆಸದಿದ್ದರೆ ಕಳ್ಳತನವಾದಾಗ ತಕರಾರು ತೆಗೆಯುತ್ತಾರೆ.

ಚಿಕ್ಕಪ್ಪನ ಎಫ್‌ಡಿ ಬಡ್ಡಿಯೂ ಸೇರಿಲ್ಲ. ಶೇಕಡಾ 7 ಅಂತ ಹಿಡಿದರೆ 3,40,000ಕ್ಕೆ ವರ್ಷಕ್ಕೆ 23,800, ತಿಂಗಳಿಗೆ ಹೆಚ್ಚುಕಡಿಮೆ ಎರಡು ಸಾವಿರ. ಚಿಕ್ಕಪ್ಪನ ಬಿಪಿ, ಶುಗರ್ ಮಾತ್ರೆಗೆ ಪ್ರತಿ ತಿಂಗಳು ಆಗೋದು ಅಷ್ಟೇ ದುಡ್ಡು. ಆ ಸಾಲನ್ನು ಚಿಕ್ಕಮ್ಮ ಎರಡು ಸಲ ಓದಿದರು.

ಈಗ ನನ್ನ ನೇರವಾದ ಮಾತು. ‘ಏನೂ ಬೇಡ, ಒಂದು ವಾಚ್ ಸಾಕು’ ಅನ್ನೋದು ಒಳ್ಳೆಯತನವಲ್ಲ, ಬೇಡಿಕೆ. ಫೋಟೊ ಕಳಿಸಿ ‘ಇಂಥದ್ದೇ’ ಅಂದ ಮೇಲೆ ಅದಕ್ಕೆ ಉಡುಗೊರೆ ಅನ್ನೋ ಹೆಸರು ಒಪ್ಪಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯಲ್ಲಿ ಉಡುಗೊರೆಯನ್ನೇ ಕೊಡಬೇಡಿ ಅನ್ನುವುದಿಲ್ಲ. ಯಾರೂ ಕೇಳದೆ ಕೊಟ್ಟದ್ದಾಗಿರಬೇಕು, ಅದರ ಪಟ್ಟಿ ಬರೆದಿಡಬೇಕು, ಹೆಣ್ಣಿನ ಕಡೆಯವರು ಗಂಡಿಗೆ ಕೊಡುವುದು ವಾಡಿಕೆಯದ್ದಾಗಿರಬೇಕು, ಅದರ ಬೆಲೆ ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿರಬಾರದು ಅನ್ನುತ್ತದೆ. ನಿವೃತ್ತರೊಬ್ಬರು ಎಫ್‌ಡಿ ಮುರಿಸಿ ತರುವ ಮೂರು ಲಕ್ಷದ ವಾಚ್ ಇದರಲ್ಲಿ ಎಲ್ಲಿ ಕೂರುತ್ತೆ, ನೀವೇ ಹೇಳಿ. ಅದೇ ಕಾಯ್ದೆಯಲ್ಲಿ ವರದಕ್ಷಿಣೆ ಕೇಳೋದೂ ಅಪರಾಧ, ತಗೊಳ್ಳೋದೂ ಅಪರಾಧ, ಕೊಡೋದೂ ಅಪರಾಧ.

ನಮ್ಮ ಅಜ್ಜಂದಿರ ಕಾಲದಲ್ಲೂ ಅಳಿಯನಿಗೆ ವಾಚು, ಉಂಗುರ, ಸೂಟು ಇತ್ತಲ್ಲ ಅಂತೀರಾ? ಇತ್ತು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ವಾಚ್ ಮಾಡಲು ಶುರು ಮಾಡಿದ ಮೇಲೆ ಅಳಿಯಂದಿರ ಕೈಗೆ ಅದೇ ಬಂತು. ‘ಕಾಂಚನ್’ ಮಾಡೆಲ್ಲೇ ಬೇಕು ಅಂತ ಬೀಗರು ಪಟ್ಟು ಹಿಡಿದ ಕಥೆಗಳನ್ನೂ ಕೇಳಿದ್ದೇನೆ, ಅಂದರೆ ರೋಗ ಹಳೆಯದೇ. ಆದರೆ ನಮ್ಮಪ್ಪನಿಗೆ ಅಜ್ಜ ಕೊಡಿಸಿದ್ದು ‘ಜನತಾ’. ಹೆಸರೇ ಜನತಾ! ಅಪ್ಪ ಈಗಲೂ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಅದಕ್ಕೆ ಕೀ ಕೊಡುತ್ತಾರೆ. ಕಾರ್ಖಾನೆಯೇ ಇಲ್ಲ ಈಗ, ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಆದರೂ ಮಾರ್ಕೆಟ್ ಬೀದಿಯ ಒಬ್ಬ ವಾಚ್ ರಿಪೇರಿ ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಟ್ಟುಹೋದ ಬೇರೆ ಎಚ್‌ಎಂಟಿಯ ಬಿಡಿಭಾಗ ಹಾಕಿ, ಕೆಲವು ನೂರು ರೂಪಾಯಿಗೆ ಸರಿಮಾಡಿ ಕೊಡುತ್ತಾರೆ. ಸಾಕೋದಕ್ಕೆ ಸುಲಭವಾದ ವಾಚ್ ಅಂದರೆ ಅದು.

ಇಷ್ಟೆಲ್ಲ ಓದಿ, ದುಬಾರಿ ವಾಚ್ ಕೊಳ್ಳೋದೇ ಪಾಪ ಅಂತ ನಾನು ಹೇಳ್ತಿದ್ದೀನಿ ಅಂದುಕೊಳ್ಳಬೇಡಿ. ಸ್ವಂತ ದುಡಿಮೆಯಲ್ಲಿ, ಸಾಲ ಮಾಡದೆ, ‘ನನಗೆ ಇಷ್ಟ’ ಅಂತ ಒಂದು ವಾಚ್ ಕೊಂಡ ಹೆಣ್ಣುಮಗಳನ್ನು ಕಂಡರೆ ನನಗೆ ಸಂತೋಷವೇ. ಕೊಳ್ಳುವ ಮುಂಚೆ ನಾಲ್ಕು ದಿನ ತಡೆಯಿರಿ. ಕೈಗೆ ಕಟ್ಟಿ ನೋಡಿ. ವಾಚಿನ ಕಿವಿಗಳು ಮಣಿಕಟ್ಟಿನ ಅಗಲ ದಾಟಿ ಆಚೆ ಚಾಚಿದ್ದರೆ ಎಂಥ ಹೆಸರಿನದಾದರೂ ಬೇಡ. ಗಾಜು ಸಫೈರ್ ಆಗಿರಲಿ, ಬಳೆಗೆ ತಾಗಿದರೂ ಸುಲಭಕ್ಕೆ ಗೀರು ಬೀಳಲ್ಲ. ನಮ್ಮೂರಲ್ಲೇ ಸರ್ವಿಸ್ ಇದೆಯಾ, ಅಥವಾ ಮುಂಬೈಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಾ ಅಂತ ಕೇಳಿ. ಸ್ಟ್ರಾಪಿನ ಅಗಲ ಮಾಮೂಲಿ ಅಳತೆಯದಾದರೆ ಹೊರಗೆ ಕಡಿಮೆಗೆ ಸಿಗುತ್ತೆ, ಕಂಪನಿಯ ವಿಚಿತ್ರ ಅಳತೆಯದಾದರೆ ಅವರು ಹೇಳಿದ ರೇಟೇ ಗತಿ. ಕೆಲವು ಸಾವಿರದ ಬ್ಯಾಟರಿ ವಾಚಿಗೆ ಎರಡು ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಹಾಕಿಸಿದರೆ ಹೆಚ್ಚುಕಡಿಮೆ ಮುಗೀತು ಅನ್ನೋದೂ ತಲೇಲಿರಲಿ.

ಬಿಲ್ಲು ಯಾರ ಹೆಸರಲ್ಲಿ ಅನ್ನೋದನ್ನು ಹೆಂಗಸರು ಯೋಚಿಸೋದೇ ಇಲ್ಲ. ಗ್ಯಾರಂಟಿ ಕಾರ್ಡಿನಲ್ಲಿ ವಾಚಿನ ಸೀರಿಯಲ್ ನಂಬರ್, ಅಂಗಡಿಯ ಮೊಹರು, ತಾರೀಖು ಇರಬೇಕು. ಆ ನಂಬರೂ ವಾಚಿನ ಮೇಲಿನ ನಂಬರೂ ಒಂದೇನಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಡಬ್ಬಿ, ಕಾರ್ಡು ಎಸೆದರೆ ಮಾರುವಾಗ ಬೆಲೆ ಇನ್ನೂ ಬೀಳುತ್ತದೆ. ಎರಡು ಲಕ್ಷ ರೂಪಾಯಿ ಮುಟ್ಟಿದ ವ್ಯಾಪಾರಕ್ಕೆ ಅಂಗಡಿಯವರು ನಗದು ತೆಗೆದುಕೊಳ್ಳುವಂತಿಲ್ಲ. ‘ಕ್ಯಾಷ್ ಕೊಡಿ, ಬಿಲ್ ಬೇಡ, ಕಡಿಮೆ ಮಾಡ್ತೀನಿ’ ಅಂದರೆ ಅಲ್ಲಿಂದ ಎದ್ದುಬನ್ನಿ. ಫಾರಿನ್ನಿಂದ ಬರುವ ಮೈದುನನ ಕೈಲಿ ತರಿಸೋಣ ಅನ್ನೋ ಐಡಿಯಾ ಬಂದರೆ, ವಿಮಾನ ನಿಲ್ದಾಣದಲ್ಲಿ ಮಿತಿ ಮೀರಿದ ವಸ್ತುವಿಗೆ ಸುಂಕ ಕಟ್ಟಬೇಕು ಅನ್ನೋದು ನೆನಪಿರಲಿ. ಕಟ್ಟದೆ ಕೈಗೆ ಕಟ್ಟಿಕೊಂಡು ಬಂದು ಸಿಕ್ಕಿಬಿದ್ದರೆ ಪಾಪ ಮೈದುನನ ಪಾಡು!

ಈಗಾಗಲೇ ಮನೆಯಲ್ಲಿ ಇಂಥ ವಾಚ್ ಇದ್ದವರಿಗೆ ಒಂದೆರಡು ಮಾತು. ಹಿಂದೆ ‘30 ಮೀಟರ್ ವಾಟರ್ ರೆಸಿಸ್ಟೆಂಟ್’ ಅಂತ ಬರೆದಿದ್ದರೆ ಈಜಬಹುದು ಅಂತ ಅರ್ಥವಲ್ಲ, ಕೈ ತೊಳೆಯುವಾಗ ಹನಿ ಸಿಡಿದರೆ ಪರವಾಗಿಲ್ಲ ಅಂತ, ಅಷ್ಟೇ. ಧಾರೆ ಎರೆಯುವಾಗ ಹಾಲು, ನೀರು ಎಲ್ಲ ಮಣಿಕಟ್ಟಿನ ಮೇಲೇ ಹರಿಯುತ್ತಲ್ಲ, ಅದಕ್ಕೆ ಮುಂಚೆ ಬಿಚ್ಚಿಡೋಕೆ ಯಾರಿಗಾದರೂ ಹೇಳಿಡಿ. ಬೆವರು ಚರ್ಮದ ಸ್ಟ್ರಾಪಿನ ಶತ್ರು, ಕರಾವಳಿಯವರಿಗಂತೂ ಹೇಳಬೇಕಾಗಿಲ್ಲ. ಬಿಚ್ಚಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಗಾಳಿಗಿಟ್ಟು, ಆಮೇಲೆ ಡಬ್ಬಿಗೆ ಹಾಕಿ. ನಮ್ಮ ಹ್ಯಾಂಡ್‌ಬ್ಯಾಗಿನ ಬಾಯಿಗೆ ಅಯಸ್ಕಾಂತದ ಗುಂಡಿ ಇರುತ್ತಲ್ಲ, ಅದರ ಪಕ್ಕ ಮೆಕ್ಯಾನಿಕಲ್ ವಾಚ್ ಇಡಬೇಡಿ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಅಂಟಿಕೊಂಡು ವಾಚ್ ಇದ್ದಕ್ಕಿದ್ದ ಹಾಗೆ ಫಾಸ್ಟ್ ಆಗುತ್ತದೆ. ಹಾಗಾದರೆ ಕೂಡಲೇ ಸರ್ವಿಸ್ ಅಂತ ಸಾವಿರಾರು ಸುರಿಯಬೇಡಿ, ಅಯಸ್ಕಾಂತ ತೆಗೆಯೋ ಪುಟ್ಟ ಯಂತ್ರದಲ್ಲಿ ನಿಮಿಷದ ಕೆಲಸ ಅದು. ತಾರೀಖು ಬದಲಿಸೋದನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ಮಾಡಬೇಡಿ, ಆ ಹೊತ್ತಿನಲ್ಲಿ ಒಳಗಿನ ಚಕ್ರಗಳು ತಾವೇ ತಾರೀಖು ತಿರುಗಿಸುತ್ತಿರುತ್ತವೆ, ಹಲ್ಲು ಮುರಿಯಬಹುದು.

ಚಿಕ್ಕಮ್ಮನ ಮನೆ ಮದುವೆ ಏನಾಯಿತು ಅಂತ ಕೇಳ್ತೀರಿ ಅಂತ ಗೊತ್ತು. ಲೆಕ್ಕದ ಹಾಳೆ ತೆಗೆದುಕೊಂಡು ಹೋಗಿ ಚಿಕ್ಕಮ್ಮ ಮೊದಲು ತೋರಿಸಿದ್ದು ಚಿಕ್ಕಪ್ಪನಿಗಲ್ಲ, ಮಗಳಿಗೆ. ಅವಳು ಆ ರಾತ್ರಿಯೇ ಹುಡುಗನಿಗೆ ಫೋನ್ ಮಾಡಿ, “ನಮ್ಮಪ್ಪ ಎಫ್‌ಡಿ ಮುರಿಸ್ತಿದ್ದಾರೆ, ನಿಮಗೆ ಗೊತ್ತಾ?” ಅಂತ ಕೇಳಿಬಿಟ್ಟಳು. ಅವನಿಗೆ ಫೋಟೊ ಕಳಿಸಿದ್ದೇ ಗೊತ್ತಿರಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮನ ಹತ್ರ ನಾನು ಮಾತಾಡ್ತೀನಿ” ಅಂದನಂತೆ. ಏನು ಮಾತಾಡಿದನೋ, ಎರಡು ದಿನ ಬೀಗರ ಮನೆಯಿಂದ ಫೋನಿಲ್ಲ. ಚಿಕ್ಕಪ್ಪ ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ನನಗೂ ಸಾಕಷ್ಟು ಬೈದರು. ಮೂರನೇ ದಿನ ಹುಡುಗನೇ ಬಂದು, ಇಬ್ಬರೂ ಹೋಗಿ ಹದಿನೆಂಟು ಸಾವಿರದ ಒಂದು ಟೈಟನ್ ವಾಚ್ ಆರಿಸಿ ತಂದರು. ಎಫ್‌ಡಿ ಹಾಗೇ ಇದೆ.

ಮದುವೆಯ ದಿನ ವರಪೂಜೆ ಮುಗಿದ ಮೇಲೆ ಹುಡುಗನ ದೊಡ್ಡಮ್ಮ ಒಬ್ಬರು ಅವನ ಕೈ ಹಿಡಿದು, ವಾಚಿನ ಮುಖ ತಮ್ಮ ಕಡೆ ತಿರುಗಿಸಿಕೊಂಡು, “ಯಾವ ದೇಶದ್ದು ಇದು?” ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ನನ್ನ ಎದೆ ಢವಢವ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, “ಹೊಸೂರಿನದು ಕಣ್ರೀ. ಹತ್ರಾನೇ ಇದೆ, ಕೆಟ್ಟರೆ ರಿಪೇರಿಗೆ ಸುಲಭ” ಅಂದು, ಪಾನಕದ ಲೋಟ ಅವರ ಕೈಗೆ ಕೊಟ್ಟರು.